ಫಾಬ್ರೆಲ್ಲಿಯನ್ನು ಸೋಲಿಸಿದವನು

ಗಡ್ಡ ಹೆರೆದುಕೊಳ್ಳುತ್ತಿದ್ದ ಸಂಗಮೇಶನ ಕೈ ಅರ್ಧ ಕೆನ್ನೆಗೆ ಬಂದು ನಿಂತಿತು. ಮಂಗಳವಾರದಿಂದ ಹೀಗೆಯೇ ಆಗುತ್ತಿತ್ತು. ವಾರ್ಡಿನಲ್ಲಿ ಯಾರದೋ ನಾಡಿ ಹಿಡಿದು ಕೂತಾಗ, ಲಂಡನ್ನಿನ ಇಲ್ಫರ್ಡ್ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ, ಇದ್ದಕ್ಕಿದ್ದಂತೆ ಇನ್ನೊಬ್ಬರ ಕೈ ಕಣ್ಣೆದುರು ಬರುತ್ತಿತ್ತು. ಚರ್ಚಿನ ಹಿಂಬದಿಯ ಹಾಲ್‌ನಲ್ಲಿ, ಚೆಸ್ ಕ್ಲಬ್ಬಿನವರ ಮಡಚುವ ಮೇಜಿನ ಮೇಲೆ, ಒರೆಸ್ತೆ ಫಾಬ್ರೆಲ್ಲಿಯ ತೆಳ್ಳನೆಯ, ಕಂದು ಚುಕ್ಕೆಗಳ ಕೈ ತನ್ನ ಒಂಟೆಯನ್ನು ಎತ್ತಿ, ಗಾಳಿಯಲ್ಲಿ ತುಸು ತಡೆದು, ಯಾರ ಕಾವಲೂ ಇಲ್ಲದ ಮನೆಯಲ್ಲಿ ಇಟ್ಟಿತ್ತು. ಮೊದಲು ಸಂಗಮೇಶ ನಂಬಲಿಲ್ಲ. ಇಂಥ ಮನುಷ್ಯ ಒಂಟೆಯನ್ನು ಬಿಟ್ಟಿ ಕೊಡುವುದಿಲ್ಲ, ಇದರ ಹಿಂದೆ ಏನೋ ಹೊಂಚಿದೆ ಎಂದು ಬಹಳ ಹೊತ್ತು ತಡಕಾಡಿದ. ಹೊಂಚಿರಲಿಲ್ಲ. ಒಂಟೆಯನ್ನು ಹೊಡೆದ. ಆಮೇಲೆ ಆಟ ತಾನಾಗಿಯೇ ಕುಸಿಯಿತು. ಈ ಕ್ಲಬ್ಬಿಗೆ ಬಂದಾಗಿನಿಂದ ಒಮ್ಮೆಯೂ ಅವನಿಗೆ ಒದಗದ ಗೆಲುವು ಒದಗಿತ್ತು. ಪಕ್ಕದ ಮೇಜುಗಳವರು ಎದ್ದು ಬಂದು ನೆರೆದರು, ಯಾರೋ ಬೆನ್ನು ತಟ್ಟಿದರು, ಕಾರ್ಯದರ್ಶಿ ಚಪ್ಪಾಳೆ ಹೊಡೆದ. ಅದೆಲ್ಲ ಅಡಗುವಷ್ಟರಲ್ಲಿ ಫಾಬ್ರೆಲ್ಲಿ ಕಾಯಿಗಳನ್ನೆಲ್ಲ ಮತ್ತೆ ನೀಟಾಗಿ ಜೋಡಿಸಿಟ್ಟು, ತಲೆಯೆತ್ತಿ, ಸರಿ, ಇವತ್ತು ಬಿಳಿ ಯಾರದು, ಎಂದು ಕೇಳಿದ್ದ. ಸುತ್ತ ನಿಂತವರಿಗೆ ಅದು ಸೋತ ದೊಡ್ಡ ಆಟಗಾರನ ತಮಾಷೆ. ಎಲ್ಲರೂ ನಕ್ಕರು. ಸಂಗಮೇಶನೂ ನಕ್ಕ. ನಗುತ್ತಲೇ ಆ ಕಣ್ಣುಗಳನ್ನು ನೋಡಿದ. ಮುಪ್ಪಿನವರ ಮನಸ್ಸಿನ ಕಾಯಿಲೆಗಳನ್ನೇ ನೋಡುತ್ತ ಅವನ ಅರ್ಧ ಆಯಸ್ಸು ಕಳೆದಿತ್ತು. ಒಳಗೆ ನೆಲವೇ ಜಾರಿದ್ದನ್ನು ಯಾರಿಗೂ ಕಾಣದಂತೆ ಮುಚ್ಚಿಡುವ ಆ ಹದವಾದ, ಮರ್ಯಾದಸ್ಥ ನಗೆ ಅವನಿಗೆ ಬಹಳ ಪರಿಚಿತ. ಆ ನಗೆಯನ್ನು ಮೊದಲ ಸಲ ಕಂಡಾಗಲೇ ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುವವನು ಅವನು. ಮಂಗಳವಾರ ಮಾತ್ರ ಯಾರಿಗೂ ಏನೂ ಹೇಳದೆ ಕೋಟು ಹಾಕಿಕೊಂಡು ಮನೆಗೆ ಬಂದಿದ್ದ.

ಮನೆಗೆ ಬಂದವನು ಸುಮ್ಮನಿರಲೂ ಇಲ್ಲ. ಹೆಂಡತಿ ಕಲ್ಯಾಣಿಗೆ ಬಾಗಿಲಲ್ಲೇ ಗೆಲುವಿನ ಸುದ್ದಿ ಹೇಳಿದ. ಮರುದಿನ ಆಸ್ಪತ್ರೆಯ ರಿಸೆಪ್ಷನ್ನಿನವಳಿಗೆ ಹೇಳಿದ, ಚೆಸ್ಸಿನ ಗಂಧವೂ ಇಲ್ಲದ ಫಿಸಿಯೋ ಹುಡುಗನಿಗೆ ಹೇಳಿದ. ಹೇಳುತ್ತ ಹೇಳುತ್ತ ಆ ಆಟದಲ್ಲಿ ತನ್ನ ನಡೆಗಳು ಇನ್ನಷ್ಟು ಚೂಪಾದವು, ಬಿಟ್ಟಿ ಒಂಟೆಯ ಮಾತು ಹಿಂದೆ ಸರಿಯಿತು. ಈಗ ಕೆಳಗಿನಿಂದ ಕಲ್ಯಾಣಿ ಕರೆಯುತ್ತಿದ್ದಳು, ಹೋಳಿಗೆ ಕಟ್ಟಿಯಾಗಿದೆ, ಹನ್ನೊಂದರ ಗಾಡಿ ತಪ್ಪಿದರೆ ಪಿನ್ನರ್ ಮುಟ್ಟುವಷ್ಟರಲ್ಲಿ ಅವರೆಲ್ಲರ ಊಟ ಮುಗಿದಿರುತ್ತದೆ ಎಂದು. ಶೇಷಾದ್ರಿಯ ಮನೆಯಲ್ಲಿ ದೀಪಾವಳಿಯ ಊಟ. ಈ ವರ್ಷ ಶನಿವಾರಕ್ಕೆ ಎಳೆದಿದ್ದರು. ಶೇಷಾದ್ರಿಗೂ ಸುದ್ದಿ ಮುಟ್ಟಿದೆ, ಫೋನಿನಲ್ಲಿ ನಾನೇ ಹೇಳಿದೆ ಎಂದು ಅವಳು ನಿನ್ನೆ ಹಿಗ್ಗಿನಿಂದಲೇ ತಿಳಿಸಿದ್ದಳು. ಕನ್ನಡಿಯಲ್ಲಿ ಅರ್ಧ ಸೋಪು ಹಚ್ಚಿದ ಮುಖ ಅವನನ್ನು ನೋಡುತ್ತಿತ್ತು. ಉಳಿದರ್ಧವನ್ನು ಅವಸರವಾಗಿ ಹೆರೆದು, ಗದ್ದದ ಕೆಳಗೆ ಗಾಯ ಮಾಡಿಕೊಂಡ.

ಲಿವರ್‌ಪೂಲ್ ಸ್ಟ್ರೀಟಿನಲ್ಲಿ ನೆಲದಡಿಯ ಟ್ಯೂಬ್ ರೈಲಿಗೆ ಬದಲಾಯಿಸಿ ಕೂತ ಮೇಲೆ ಕಲ್ಯಾಣಿ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಸಂಗಮೇಶ ಎದುರಿನ ಕಿಟಕಿಯ ಕತ್ತಲನ್ನು ನೋಡುತ್ತಿದ್ದ. ಫಾಬ್ರೆಲ್ಲಿಯ ಹೆಸರು ಅವನಿಗೆ ಮೊದಲು ಸಿಕ್ಕಿದ್ದು ಧಾರವಾಡದಲ್ಲಿ, ಕಾಲೇಜಿನ ಲೈಬ್ರರಿಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಇಂಗ್ಲಿಷ್ ಚೆಸ್ ಪತ್ರಿಕೆಯಲ್ಲಿ. ಜಾಗ್ರೆಬ್ ಎಂಬ, ನಕ್ಷೆಯಲ್ಲಿ ಹುಡುಕಬೇಕಾದ ಊರಿನಲ್ಲಿ ಈ ಇಟಲಿಯವನು ರಷ್ಯದ ಗ್ರ್ಯಾಂಡ್‌ಮಾಸ್ಟರನೊಬ್ಬನ ವಿರುದ್ಧ ತನ್ನ ಆನೆಯನ್ನೇ ಬಲಿಕೊಟ್ಟು ಗೆದ್ದ ಆಟ. ಸಪ್ತಾಪುರದ ರೂಮಿನಲ್ಲಿ ಜೊತೆಗಿದ್ದ ಉಮಾಶಂಕರ ಅನಾಟಮಿ ಉರು ಹೊಡೆಯುತ್ತಿದ್ದರೆ ಸಂಗಮೇಶ ಆ ಆನೆಯ ನಡೆಯನ್ನೇ ಮತ್ತೆ ಮತ್ತೆ ಇಟ್ಟು ನೋಡುತ್ತಿದ್ದ. ಎಲ್ಲವನ್ನೂ ಬಿಟ್ಟುಕೊಟ್ಟೂ ಗೆಲ್ಲಬಹುದು ಎಂಬುದು ಆ ವಯಸ್ಸಿನಲ್ಲಿ ಮೈ ಜುಮ್ಮೆನಿಸಿದ ವಿಷಯ. ಆ ಪತ್ರಿಕೆಯ ಫಾಬ್ರೆಲ್ಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲಿತ್ತು. ಎಷ್ಟೋ ವರ್ಷಗಳ ಮೇಲೆ ಇಲ್ಫರ್ಡಿನ ಚರ್ಚ್ ಹಾಲಿನಲ್ಲಿ, ಹೀಟರಿನ ಪಕ್ಕದ ಕುರ್ಚಿಗಾಗಿ ಜಗಳವಾಡುತ್ತಿದ್ದ ಬೋಳುತಲೆಯ ಮುದುಕನ ಹೆಸರು ಕೇಳಿದಾಗ, ಇದು ಅದೇ ಹೆಸರಿನ ಬೇರೆ ಯಾರೋ ಎಂದುಕೊಂಡಿದ್ದ.

ಬೇರೆಯವನಲ್ಲ. ಆಟ ಮುಗಿದ ಮೇಲೆ ಸ್ಟೇಷನ್ನಿನ ಹತ್ತಿರದ ಕೆಫೆಯಲ್ಲಿ, ಕಾಫಿಯನ್ನು ಬೈಯುತ್ತಲೇ ಕುಡಿಯುತ್ತ, ಫಾಬ್ರೆಲ್ಲಿ ತನ್ನ ಕಥೆಯನ್ನು ತುಂಡುತುಂಡಾಗಿ ಹೇಳಿದ್ದ. ಫೆರಾರಾ ಊರಿನ ಕ್ಷೌರಿಕನ ಮಗ. ಸರದಿ ಕಾಯುವ ಗಿರಾಕಿಗಳು ಅಂಗಡಿಯ ಬೆಂಚಿನ ಮೇಲೆ ಆಡುತ್ತಿದ್ದುದನ್ನು ನೋಡಿ ಕಲಿತವನು. ಅವನಿಗಿಂತ ಚೆನ್ನಾಗಿ ಆಡುತ್ತಿದ್ದ ಅಣ್ಣ ಸಾಂದ್ರೊ ಯುದ್ಧದಿಂದ ಬರಲಿಲ್ಲ. ಯುದ್ಧ ಮುಗಿದು ಎಲ್ಲರೂ ಹಸಿದಿದ್ದ ಕಾಲದಲ್ಲಿ ತಮ್ಮನಾದ ಇವನು ಎರಡು ಸಲ ದೇಶದ ಪಂದ್ಯಾವಳಿ ಗೆದ್ದ. ಜಾಗ್ರೆಬ್ಬಿನ ಆ ಗೆಲುವಾದಾಗ ಪತ್ರಿಕೆಗಳು ಇವನು ಎಲ್ಲಿಗೋ ಮುಟ್ಟುತ್ತಾನೆ ಎಂದವು. ಮುಟ್ಟಲಿಲ್ಲ. ರಷ್ಯದವರ ಹಿಂದೆ ಸರ್ಕಾರವಿತ್ತು, ತರಬೇತಿಯವರಿದ್ದರು. ಇವನು ಮಿಲಾನಿನ ವಿಮಾ ಕಚೇರಿಯಲ್ಲಿ ಗುಮಾಸ್ತ, ರಜೆ ಸಿಕ್ಕಾಗ ಆಟಗಾರ. ಆಮೇಲೆ ಇಂಗ್ಲಿಷ್ ನರ್ಸೊಬ್ಬಳನ್ನು ಮದುವೆಯಾಗಿ ಲಂಡನ್ನಿಗೆ ಬಂದ, ಶಾಲೆಗಳಲ್ಲಿ ಚೆಸ್ ಕಲಿಸಿದ, ಪ್ರತಿ ಹೊಸವರ್ಷಕ್ಕೆ ಹೇಸ್ಟಿಂಗ್ಸಿನ ಪಂದ್ಯಾವಳಿಗೆ ಹೋದ. ಮೊದಲು ಅವನ ಮೇಜು ವೇದಿಕೆಯ ಮೇಲಿತ್ತು. ಕೆಲವು ವರ್ಷ ಕಳೆದ ಮೇಲೆ ಕೆಳಗೆ, ಮುಂದಿನ ಸಾಲಿಗೆ ಬಂತು. ಆಮೇಲೆ ಪಕ್ಕದ ಕೋಣೆ. ಕೊನೆಗೆ ಟೀ ಕಾಯಿಸುವವರ ಹತ್ತಿರ, ಬಾಗಿಲಿನ ಗಾಳಿಗೆ. ಡಾಕ್ಟರ್, ನನ್ನ ಇಡೀ ವೃತ್ತಿ ಅಂದರೆ ಒಂದೇ ಹಾಲಿನೊಳಗೆ ವೇದಿಕೆಯಿಂದ ಬಾಗಿಲಿಗೆ ನಡೆದದ್ದು, ಎಂದು ಹೇಳಿ ನಕ್ಕಿದ್ದ. ಸಂಗಮೇಶ ಆಗ ನಗಲಾರದೆ ಚಮಚ ತಿರುವಿದ್ದ. ಅವನಿಗೂ ಅಂಥ ಒಂದು ಹಾಲ್ ಇತ್ತು. ಕನ್ಸಲ್ಟೆಂಟ್ ಆಗಲು ಬೇಕಾದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾಗಿ, ಕೊನೆಗೆ ಮೇಲೂ ಅಲ್ಲದ ಕೆಳಗೂ ಅಲ್ಲದ ಸ್ಟಾಫ್ ಗ್ರೇಡ್ ಎಂಬ ಹುದ್ದೆಯಲ್ಲಿ ಕೂತವನು. ಅವನು ರೋಗಿಯ ಹತ್ತಿರ ಹೇಗೆ ಕೂರಬೇಕು ಎಂಬುದರಿಂದ ಹಿಡಿದು ಕಲಿಸಿಕೊಟ್ಟ ಹುಡುಗ ಹುಡುಗಿಯರು ಎರಡು ಮೂರು ವರ್ಷಗಳಲ್ಲಿ ಅವನ ಮೇಲಧಿಕಾರಿಗಳಾಗಿ ಬರುತ್ತಿದ್ದರು. ಅವರಲ್ಲಿ ಕೊನೆಯವಳು ಶೇಷಾದ್ರಿಯ ಮಗಳು ವಿಭಾ. ಮನೆಯಲ್ಲಿ ಅವಳು ಅಂಕಲ್ ಅನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಸಂಗಮೇಶ್ ಅನ್ನುತ್ತಿದ್ದಳು. ಅವನು ಮಾತ್ರ ಕಾರಿಡಾರಿನಲ್ಲಿ, ತನಗೇ ಗೊತ್ತಿಲ್ಲದೆ, ಡಾಕ್ಟರ್ ವಿಭಾ ಎನ್ನುತ್ತ ಬಾಗಿಲು ಹಿಡಿದು ನಿಲ್ಲುತ್ತಿದ್ದ.

ಪಿನ್ನರಿನ ಆ ಮನೆಯ ಮುಂದೆ ಕಾರುಗಳು ಹಾದಿಯುದ್ದಕ್ಕೂ ನಿಂತಿದ್ದವು. ಒಳಗೆ ತುಪ್ಪದ, ಕರಿದ ಎಣ್ಣೆಯ ವಾಸನೆ, ಕೋಟು ಇಡಲು ಜಾಗವಿಲ್ಲದಷ್ಟು ಜನ. ಶೇಷಾದ್ರಿ ಮೈಸೂರಿನವನು, ಎಲುಬಿನ ಸರ್ಜನ್, ಮಾತು ಜೋರು. ಸಂಗಮೇಶ ಷೂ ಬಿಚ್ಚುವ ಮೊದಲೇ ಅವನ ಭುಜ ಹಿಡಿದು ನಡುಕೋಣೆಗೆ ತಂದು ನಿಲ್ಲಿಸಿ, ಇಟಲಿಯ ಚಾಂಪಿಯನ್ನನ್ನು ಹೊಡೆದವರು ಇವರೇ ನೋಡಿ ಎಂದ. ತಟ್ಟೆ ಹಿಡಿದವರೆಲ್ಲ ತಿರುಗಿದರು. ಇಷ್ಟು ವರ್ಷಗಳಲ್ಲಿ ಈ ಮನೆಯ ಊಟಗಳಲ್ಲಿ ಸಂಗಮೇಶನ ಜಾಗ ಅಡುಗೆಮನೆಯ ಬಾಗಿಲ ಹತ್ತಿರ ಇರುತ್ತಿತ್ತು. ಇವತ್ತು ಸೋಫಾದ ನಡುವೆ ಜಾಗ ಬಿಟ್ಟರು. ಆ ವರ್ಷದ ಮೇ ತಿಂಗಳಲ್ಲಿ ಕಂಪ್ಯೂಟರೊಂದು ವಿಶ್ವ ಚಾಂಪಿಯನ್ನನ್ನೇ ಸೋಲಿಸಿತ್ತಾದ್ದರಿಂದ ಚೆಸ್ ಬಗ್ಗೆ ಎಲ್ಲರಿಗೂ ಏನಾದರೂ ಹೇಳುವುದಿತ್ತು. ಸಂಗಮೇಶನೂ ಹೇಳಿದ. ಜಾಗ್ರೆಬ್ಬಿನ ಆಟವನ್ನು ವರ್ಣಿಸಿದ, ಆನೆಯ ಬಲಿಯನ್ನು ಕೈಯಲ್ಲಿ ಚಕ್ಕುಲಿ ಹಿಡಿದು ತೋರಿಸಿದ. ಎದುರಿಗೆ ಕೂತ ಅರಿವಳಿಕೆಯ ಡಾಕ್ಟರ್ ಸತ್ಯನಾರಾಯಣ ಎಲ್ಲವನ್ನೂ ಕೇಳಿ, ಅವರಿಗೆ ಈಗ ವಯಸ್ಸೆಷ್ಟು ಎಂದ. ಎಪ್ಪತ್ತಾರು ಎಂದು ಸಂಗಮೇಶ ಹೇಳಿದಾಗ ಒಂದಿಬ್ಬರು ತಟ್ಟೆಯತ್ತ ಬಗ್ಗಿದರು. ಅದನ್ನು ಹಗುರಮಾಡಲೆಂದೇ ಇರಬೇಕು, ಸತ್ಯನಾರಾಯಣ ತಮಾಷೆಯಾಗಿ, "ನಿಮ್ಮ ವಾರ್ಡಿಂದಲೇ ಯಾರನ್ನಾದ್ರೂ ಕರ್ಕೊಂಡು ಹೋಗಿ ಆಡ್ಲಿಲ್ಲ ತಾನೇ," ಎಂದ.

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗೆಯಲ್ಲ ಅದು. ಆದರೂ ಸಂಗಮೇಶನಿಗೆ ತಾನು ಕೂತ ಸೋಫಾ ಒಂದಿಷ್ಟು ಕೆಳಗಿಳಿದಂತೆನಿಸಿತು. "ಅವರ ತಲೆ ನಮ್ಮೆಲ್ಲರಿಗಿಂತ ಚುರುಕಾಗಿದೆ," ಎಂದ. "ನಾನು ದಿನಾ ನೋಡೋದು ಅದನ್ನೇ. ಏನಾದ್ರೂ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ." ಹೇಳುತ್ತಿರುವಾಗಲೇ ತನ್ನ ಬಾಯಿಂದ ಬರುತ್ತಿರುವುದು ಬೆಂಗಳೂರಿನ ಕನ್ನಡ ಎಂದು ಗಮನಿಸಿದ. ಈ ಮನೆಯಲ್ಲಿ ಯಾವಾಗಲೂ ಹಾಗೆ, ಧಾರವಾಡದ ಮಾತು ಬಾಗಿಲಲ್ಲೇ ಷೂ ಜೊತೆ ಉಳಿಯುತ್ತಿತ್ತು. ಕಿಟಕಿಯ ಹತ್ತಿರ ನಿಂತು ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದ ವಿಭಾ ಆಗ ತಲೆಯೆತ್ತಿದಳು. ತಾನು ಸೋತೆ ಅನ್ನುವುದು ಆಟ ಮುಗಿದ ಮೇಲೆ ಅವರಿಗೆ ಗೊತ್ತಿತ್ತಾ ಎಂದು ಇಂಗ್ಲಿಷಿನಲ್ಲಿ, ಮೆತ್ತಗೆ ಕೇಳಿದಳು. ಪ್ರಶ್ನೆ ಎಲ್ಲರಿಗೂ ವಿಚಿತ್ರವಾಗಿ ಕೇಳಿಸಿತು. ಸಂಗಮೇಶನಿಗೆ ಹಾಗೆ ಕೇಳಿಸಲಿಲ್ಲ, ಏಕೆಂದರೆ ಅಂಥ ಪ್ರಶ್ನೆಯನ್ನು ಕೇಳುವುದು ಹೇಗೆಂದು ಅವಳಿಗೆ ಕಲಿಸಿದ್ದು ಅವನೇ. ನೇರ ಕೇಳಬೇಡ, ಊಟದ ಬಗ್ಗೆ ಕೇಳಿದ ಹಾಗೆ ಕೇಳು ಎಂದಿದ್ದ. ಗೊತ್ತಿಲ್ಲದೆ ಏನು, ಕೈ ಕುಲುಕಿ ಹೋದರು ಎಂದು ಹೇಳಿದ. ಅದು ನಡೆದೇ ಇರಲಿಲ್ಲ. ಅವಳು ಇನ್ನೂ ಒಂದು ಗಳಿಗೆ ಅವನನ್ನು ನೋಡಿ, ತಟ್ಟೆಗೆ ಮರಳಿದಳು. ಆಮೇಲೆ ಬಡಿಸಿದ್ದೆಲ್ಲವನ್ನೂ ಸಂಗಮೇಶ ತಿಂದ. ಯಾವುದರ ರುಚಿಯೂ ತಿಳಿಯಲಿಲ್ಲ. ಫಾಬ್ರೆಲ್ಲಿ ಮಾರ್ಚಿನಲ್ಲಿ ಫೆರಾರಾಕ್ಕೆ ಹೋಗುವವನಿದ್ದ. ಊರಿನ ಕ್ಲಬ್ಬಿನವರು ಕರೆಸಿದ್ದರು, ನಗರಸಭೆಯ ಅಂಗಳದಲ್ಲಿ ಇಪ್ಪತ್ತು ಮಂದಿಯ ಜೊತೆ ಒಟ್ಟಿಗೆ ಆಡಬೇಕು, ಪತ್ರಿಕೆಯವರು ಬರುತ್ತಾರೆ, ಬಿಟ್ಟುಬಂದ ಊರು ಒಮ್ಮೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ. ಇದನ್ನು ಹೇಳುವಾಗ ಮುದುಕನ ಮುಖದಲ್ಲಿ ಸಂತೋಷಕ್ಕಿಂತ ಬೇರೆ ಏನೋ ಇತ್ತು. ಅಲ್ಲಿ ಇಪ್ಪತ್ತು ಮೇಜುಗಳ ನಡುವೆ ನಿಂತು, ಯಾವ ಮೇಜು, ಯಾರ ಸರದಿ ಎಂದು ಸುತ್ತ ನೋಡುವ ಅವನನ್ನು ಸಂಗಮೇಶ ಬಾಳೆಕಾಯಿ ಪಲ್ಯದ ಮುಂದೆ ಕೂತು ಸ್ಪಷ್ಟವಾಗಿ ಕಂಡ. ತಾನು ಈಗ ತಾನೇ ಅಷ್ಟು ಜನರ ಎದುರು ಹೇಳಿದ ಮಾತು ಅವನನ್ನು ಅಲ್ಲಿಗೆ ಕಳಿಸುವ ಮಾತು.

ವಾಪಸು ಬರುವಾಗ ಲಿವರ್‌ಪೂಲ್ ಸ್ಟ್ರೀಟ್ ತಲುಪಿ ಇಲ್ಫರ್ಡಿನ ರೈಲು ಹತ್ತಿದರು. ಹೊರಗೆ ಸಂಜೆಯ ಬೆಳಕು ಇನ್ನೂ ಉಳಿದಿತ್ತು, ರೈಲಿನ ಪಕ್ಕದ ಮನೆಗಳ ಹಿತ್ತಿಲಲ್ಲಿ ಒಣಹಾಕಿದ ಬಟ್ಟೆಗಳು ಕಾಣುತ್ತಿದ್ದವು. ಕಲ್ಯಾಣಿ ಡಬ್ಬಿಯ ಮುಚ್ಚಳವನ್ನು ತೆಗೆದು ಉಳಿದ ಹೋಳಿಗೆಗಳನ್ನು ನೋಡಿ, ಮುಚ್ಚಿ, ಅವನ ಕಡೆ ತಿರುಗದೆಯೇ ಕೇಳಿದಳು.

"ಆ ಹುಡುಗಿ ಯಾಕ ಹಂಗ ಕೇಳಿದ್ಲು?"

ಸಂಗಮೇಶ ಏನೂ ಇಲ್ಲವೆನ್ನಲು ಬಾಯಿ ತೆರೆದ. ಆದರೆ ಅವಳು ಕೇಳಿದ್ದು ಮನೆಯ ಮಾತಿನಲ್ಲಿ. ಆ ಮಾತಿನಲ್ಲಿ ಅವನಿಗೆ ಇನ್ನೂ ಸುಳ್ಳು ಹೇಳಿ ರೂಢಿಯಾಗಿರಲಿಲ್ಲ. ಬಿಟ್ಟಿ ಒಂಟೆಯ ಸಂಗತಿ ಹೇಳಿದ, ಕಾಯಿಗಳನ್ನು ಮತ್ತೆ ಜೋಡಿಸಿಟ್ಟದ್ದು, ಬಿಳಿ ಯಾರದೆಂದು ಕೇಳಿದ್ದು. ಅದಕ್ಕೂ ಮೊದಲು, ಆಟದ ನಡುವೆ, ಮುದುಕ ತನ್ನನ್ನು ತೀರಿಹೋದ ಅಣ್ಣನ ಹೆಸರಿನಿಂದ, ಸಾಂದ್ರೊ ಎಂದು ಕರೆದದ್ದನ್ನೂ ಹೇಳಿದ. ಇದನ್ನು ಅವನು ಇಲ್ಲಿಯವರೆಗೆ ತನಗೆ ತಾನೇ ಹೇಳಿಕೊಂಡಿರಲಿಲ್ಲ.

"ಅಂದ್ರ ನಿಮಗ ಮಂಗಳವಾರನ ಗೊತ್ತಿತ್ತು," ಎಂದಳು ಕಲ್ಯಾಣಿ.

"ಗೊತ್ತಿತ್ತು."

"ಮತ್ತ ಸುಮ್ನ ಕುಂತ್ರಿ."

ಸಂಗಮೇಶ ಕೈಗಳನ್ನು ನೋಡಿಕೊಂಡ. ಅವರಿಗೆ ಜಡ್ಡು ಅಂತಾದರೆ ನಾನು ಗೆದ್ದದ್ದು ಯಾರನ್ನ, ಎಂದು ಬಹಳ ಮೆಲ್ಲಗೆ ಹೇಳಿದ. ಕಲ್ಯಾಣಿ ಅದಕ್ಕೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇಷ್ಟು ವರ್ಷ ಅವನ ಸೋಲುಗಳನ್ನು ಅವಳೇ ಒಗೆದು, ಮಡಚಿ ಇಟ್ಟಿದ್ದಳು, ಈ ಒಂದು ಗೆಲುವನ್ನು ಫೋನು ಮಾಡಿ ಊರಿಗೆಲ್ಲ ಹೇಳಿದವಳೂ ಅವಳೇ. ಅವಳ ಮುಖ ಸಣ್ಣದಾದದ್ದನ್ನು ಅವನು ಕಿಟಕಿಯ ಗಾಜಿನಲ್ಲಿ ಕಂಡ. ಸ್ವಲ್ಪ ಹೊತ್ತಿಗೆ ರೈಲು ನಿಧಾನವಾಯಿತು. ಅವಳು ಡಬ್ಬಿಯನ್ನು ಅವನ ಕೈಗಿಟ್ಟಳು.

"ಸ್ಟ್ರಾಟ್‌ಫರ್ಡ್ ಬಂತು. ಅವರ ಮನಿ ಇಲ್ಲೇ ಅಲ್ಲೇನು? ಇಳೀರಿ. ನಾ ಮನಿಗೆ ಹೋಗಿರ್ತೀನಿ."

ಫಾಬ್ರೆಲ್ಲಿಯ ಫ್ಲಾಟು ಬಸ್ ನಿಲ್ದಾಣದಿಂದ ಹತ್ತಿರ, ಬೀಗ ಮಾಡುವ ಅಂಗಡಿಯೊಂದರ ಮೇಲೆ. ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದ. ಮಕ್ಕಳಿರಲಿಲ್ಲ. ಗಂಟೆ ಒತ್ತಿ ನಿಂತಾಗ ಸಂಗಮೇಶನಿಗೆ, ಅವನು ಮನೆಯಲ್ಲಿ ಇಲ್ಲದಿರಲಿ ಎಂದು ಒಮ್ಮೆ ಆಸೆಯಾಯಿತು. ಬಾಗಿಲು ತೆರೆಯಿತು. ಮುದುಕ ಕೋಟು ಟೈಯಲ್ಲಿದ್ದ, ಕಾಲಲ್ಲಿ ಮನೆಯ ಚಪ್ಪಲಿ. ಡಾಕ್ಟರ್, ಎಂದ, ಸಾಂದ್ರೊ ಎನ್ನಲಿಲ್ಲ. ಸಂಗಮೇಶನ ಎದೆ ಹಗುರಾಯಿತು. ನೋಡು, ಚೆನ್ನಾಗಿಯೇ ಇದ್ದಾರೆ, ನೀನು ರೋಗ ಹುಡುಕುವ ಚಾಳಿಯವನು, ಎಂದು ಒಳಗಿನಿಂದ ಯಾರೋ ಅವಸರದಿಂದ ಹೇಳಿದರು. ಹೋಳಿಗೆಯ ಡಬ್ಬಿಯನ್ನು ತೆರೆದು ಮೂಸಿ ನೋಡಿ, ಶೇಂಗಾ ಎಂದು ಗುರುತಿಸಿ, ಮುದುಕ ಸಂತೋಷಪಟ್ಟ. ಅವನನ್ನು ಕೂರಿಸಲು ಮುಂದಿನ ಕೋಣೆಗೆ ಕರೆದೊಯ್ದ. ಅಲ್ಲಿ, ಕಿಟಕಿಯ ಹತ್ತಿರ ಬೋರ್ಡು ಹರಡಿತ್ತು. ಆಟದ ನಡುವಿನ ಒಂದು ಸ್ಥಿತಿ, ಅರ್ಧ ಕಾಯಿಗಳು ಪಕ್ಕದಲ್ಲಿ. ಬೋರ್ಡಿನ ಸುತ್ತ ಮೂರು ನಾಲ್ಕು ಕಾಫಿ ಬಟ್ಟಲುಗಳು, ತಳದಲ್ಲಿ ಕಾಫಿ ಒಣಗಿ ಹೆಪ್ಪುಗಟ್ಟಿತ್ತು. ಇದು ಮಂಗಳವಾರದ ನಮ್ಮ ಆಟ, ಎಂದ ಫಾಬ್ರೆಲ್ಲಿ. ನಾನೇ ನೆನಪಿನಿಂದ ಇಟ್ಟೆ. ಇದರಲ್ಲಿ ಏನೋ ಸರಿ ಇಲ್ಲ. ಎಲ್ಲಿ ಅಂತ ಸಿಗುತ್ತಿಲ್ಲ. ಕೂತು ಕೂತು ನೋಡುತ್ತಿದ್ದೇನೆ.

ಸಂಗಮೇಶ ಕೂತು ನೋಡಿದ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾಯಿಗಳೆಲ್ಲ ಸರಿಸುಮಾರು ತಂತಮ್ಮ ಜಾಗಗಳಲ್ಲೇ ಇದ್ದವು, ತನಗೇ ಮರೆತಿದ್ದ ಒಂದು ಕಾಲಾಳು ಕೂಡ. ಆದರೆ ಬಿಳಿಯ ಎರಡೂ ಒಂಟೆಗಳು ಕಪ್ಪು ಮನೆಗಳ ಮೇಲೆ ನಿಂತಿದ್ದವು. ಚೆಸ್ ಕಲಿತ ಮೊದಲ ವಾರದ ಮಕ್ಕಳಿಗೂ ಗೊತ್ತು, ಒಂದು ಒಂಟೆ ಬಿಳಿ ಮನೆಗಳಲ್ಲಿ ಓಡಾಡಿದರೆ ಇನ್ನೊಂದು ಕಪ್ಪು ಮನೆಗಳಲ್ಲಿ, ಸಾಯುವವರೆಗೂ ಅವು ಬಣ್ಣ ಬದಲಿಸುವುದಿಲ್ಲ. ಹಿಂದೊಮ್ಮೆ ಕೆಫೆಯಲ್ಲಿ ಸಂಗಮೇಶ, ನೀವು ಬಿಷಪ್ ಅನ್ನುವುದನ್ನು ನಮ್ಮ ಕಡೆ ಒಂಟೆ ಅನ್ನುತ್ತೇವೆ ಎಂದಾಗ ಈ ಮನುಷ್ಯ ಕೆಮ್ಮು ಬರುವವರೆಗೆ ನಕ್ಕು, ನಿಮ್ಮ ದೇಶದ ಒಂಟೆಗಳು ಯಾಕೆ ಮೂಲೆಯಿಂದ ಮೂಲೆಗೆ ನಡೆಯುತ್ತವೆ ಎಂದು ಕೇಳಿದ್ದ. ಈಗ ಅದೇ ಮನುಷ್ಯ ಮುಂದಕ್ಕೆ ಬಾಗಿ, ಬಾಯಿ ತುಸು ತೆರೆದು, ಬೋರ್ಡಿನಿಂದ ಸಂಗಮೇಶನ ಮುಖಕ್ಕೆ, ಮುಖದಿಂದ ಬೋರ್ಡಿಗೆ ನೋಡುತ್ತಿದ್ದ. ಅಲ್ಲಿ ತಪ್ಪಿದೆ ಎಂಬುದು ಅವನಿಗೆ ಗೊತ್ತು, ತಪ್ಪು ಯಾವುದೆಂದು ಗೊತ್ತಿಲ್ಲ. ಸಂಗಮೇಶನಿಗೆ, ಎಲ್ಲವೂ ಸರಿಯಾಗಿದೆ ಎಂದು ಹೇಳಿ ಎದ್ದುಹೋಗುವುದು ಈಗಲೂ ಸಾಧ್ಯವಿತ್ತು. ಕೈ ಚಾಚಿ ಒಂದು ಒಂಟೆಯನ್ನು ಪಕ್ಕದ ಬಿಳಿ ಮನೆಗೆ ಸರಿಸಿದ.

ಫಾಬ್ರೆಲ್ಲಿ ಬಹಳ ಹೊತ್ತು ಅದನ್ನೇ ನೋಡಿದ. ಅವನ ಮುಖದಲ್ಲಿ ಮೊದಲು ಏನೂ ಬದಲಾಗಲಿಲ್ಲ. ಆಮೇಲೆ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು, ಶಾಲೆಯಲ್ಲಿ ಎಲ್ಲರೆದುರು ತಪ್ಪು ಮಾಡಿದ ಹುಡುಗನ ಹಾಗೆ. ಕುರ್ಚಿಯ ಬೆನ್ನಿಗೆ ಒರಗಿ, ಕಿಟಕಿಯಾಚೆ ತಿರುಗುತ್ತಿದ್ದ ಬಸ್ಸೊಂದನ್ನು ನೋಡುತ್ತ ಕೂತ.

"ನಿಮಗೆ ಮಂಗಳವಾರವೇ ತಿಳಿಯಿತು, ಅಲ್ಲವೇ," ಎಂದ ಕೊನೆಗೆ.

"ತಿಳಿಯಿತು."

"ಯಾಕೆ ಹೇಳಲಿಲ್ಲ?"

ರೋಗಿಗಳಿಗೆ, ಮನೆಯವರಿಗೆ ಹೇಳುವ ಮಾತುಗಳೆಲ್ಲ ಸಂಗಮೇಶನ ನಾಲಗೆಯ ತುದಿಯಲ್ಲಿದ್ದವು. ಖಚಿತವಿರಲಿಲ್ಲ, ಆತುರಪಡಬಾರದು, ಬೇರೆ ಕಾರಣಗಳೂ ಇರಬಹುದು. ಅವೆಲ್ಲವನ್ನೂ ನುಂಗಿದ. "ನಾನು ಗೆದ್ದಿದ್ದೆ," ಎಂದ. "ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ."

ಮುದುಕ ಅವನ ಕಡೆ ತಿರುಗಿದ. ಸಿಟ್ಟು ಬರುತ್ತದೆ ಎಂದು ಸಂಗಮೇಶ ಕಾದ. ಬಂದೂ ಬಂತು. ಆದರೆ ಅವನು ಕಾದ ಕಡೆಯಿಂದಲ್ಲ. ಕಳೆದುಕೊಳ್ಳುವುದು ಅಂದರೇನು, ಎಂದು ಫಾಬ್ರೆಲ್ಲಿ ಮೇಜು ಕುಟ್ಟಿದ, ಕಾಯಿಗಳು ಅಲುಗಿದವು. ಜಾಗ್ರೆಬ್ಬಿನಲ್ಲಿ ಆ ರಷ್ಯದವನಿಗೆ ಜ್ವರವಿತ್ತು, ನಿಮಗೆ ಗೊತ್ತೇ? ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಲೇ ಇದ್ದ. ನಾನು ನೋಡಿದೆ. ನೋಡಿಯೇ ಆನೆಯನ್ನು ಕೊಟ್ಟೆ, ಇವತ್ತು ಇವನಿಂದ ಇಷ್ಟು ಲೆಕ್ಕ ಹಾಕಲಾಗದು ಎಂದು. ಚೆನ್ನಾಗಿದ್ದಿದ್ದರೆ ಕೊಡುತ್ತಿರಲಿಲ್ಲ. ಮಿಲಾನಿನಲ್ಲಿ ಒಬ್ಬನ ಹೆಂಡತಿ ಹಿಂದಿನ ವಾರ ಬಿಟ್ಟುಹೋಗಿದ್ದಳು. ಇನ್ನೊಬ್ಬ ಹಸಿದಿದ್ದ. "ನಾನು ಗೆದ್ದಾಗೆಲ್ಲ ಎದುರಿಗಿದ್ದವನಿಗೆ ಏನಾದರೊಂದು ಆಗಿರುತ್ತಿತ್ತು, ಡಾಕ್ಟರ್. ಪೂರ್ತಿ ಆರೋಗ್ಯವಾಗಿರುವವನ ಎದುರು ನಾನು ಯಾವತ್ತೂ ಆಡಿಲ್ಲ. ಕುರ್ಚಿಯಲ್ಲಿ ಕೂತದ್ದು ನಾನು, ಕಾಯಿ ನಡೆಸಿದ್ದು ನಾನು, ಸೋತದ್ದೂ ನಾನು. ಅದನ್ನು ನನ್ನಿಂದ ತೆಗೆದು ರೋಗಕ್ಕೆ ಕೊಡಬೇಡಿ."

ಅಷ್ಟು ಹೇಳಿ ದಣಿದ. ಎದ್ದು ಕಾಫಿ ಮಾಡಲು ಹೋದವನು ಅಡುಗೆಮನೆಯಲ್ಲಿ ಬಹಳ ಹೊತ್ತು ಕಪಾಟುಗಳನ್ನು ತೆರೆದು ಮುಚ್ಚುವ ಸದ್ದು ಕೇಳಿಸಿತು. ಸಂಗಮೇಶ ಹೋಗಿ ನೋಡಿದ. ಕಾಫಿಯ ಡಬ್ಬಿ ಒಲೆಯ ಪಕ್ಕದಲ್ಲೇ, ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು. ಫಾಬ್ರೆಲ್ಲಿ ತೆರೆದ ಕಪಾಟಿನ ಮುಂದೆ ನಿಂತೇ, ತಿರುಗದೆ, ಫೆರಾರಾದ ಮಾತೆತ್ತಿದ. ವಸಂತದಿಂದಲೇ ತನಗೆ ಏನೋ ಆಗುತ್ತಿದೆ ಎಂದು ಅನುಮಾನ. ಹೋಗಲಾರೆ ಎನ್ನಲು ನಾಚಿಕೆ, ಹೋಗಲು ಭಯ. ಪ್ರತಿ ಮಂಗಳವಾರ ಕ್ಲಬ್ಬಿಗೆ ಬಂದು ನಿಮ್ಮ ಎದುರೇ ಕೂರುತ್ತಿದ್ದೆ, ಯಾಕೆ ಅಂದುಕೊಂಡಿರಿ? ಅಲ್ಲಿ ನಿಮಗಿಂತ ಚೆನ್ನಾಗಿ ಆಡುವವರು ಎಷ್ಟೋ ಜನರಿದ್ದಾರೆ. ನೀವು ಈ ಕಾಯಿಲೆಯ ಡಾಕ್ಟರು. ನೀವೇ ಕಂಡುಹಿಡಿದು, ಹೋಗಬೇಡಿ ಅನ್ನುತ್ತೀರಿ ಎಂದು ಕಾದೆ. ಸಂಗಮೇಶನಿಗೆ ಒಮ್ಮೆಗೇ ಪೆಟ್ಟು ತಿಂದಂತೆ, ಅದೇ ಪೆಟ್ಟಿನಿಂದ ಬಿಡುಗಡೆಯಾದಂತೆಯೂ ಆಯಿತು. ತನ್ನ ಆಟಕ್ಕಾಗಿ ಅಲ್ಲ. ಇಷ್ಟು ದಿನವೂ ಅವನು ಎದುರು ಕೂತದ್ದು ತನ್ನ ಆಟಕ್ಕಾಗಿ ಅಲ್ಲ. ಕಾಫಿಯ ಡಬ್ಬಿಯನ್ನು ಎತ್ತಿ ಆ ಕೈಗೆ ಕೊಟ್ಟು, "ಹೋಗಬೇಡಿ," ಎಂದ. ಮುದುಕ ತಲೆ ಆಡಿಸಿದ. ಆಮೇಲೆ ಇಬ್ಬರೂ ಅಡುಗೆಮನೆಯಲ್ಲೇ ನಿಂತು ಹೋಳಿಗೆ ತಿಂದರು.

ಸೋಮವಾರ ಸಂಗಮೇಶ ವಿಭಾಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಪಿನ್ನರಿನಲ್ಲಿ ತಾನು ಹೇಳಿದ್ದು ಸುಳ್ಳೆಂದು ಹೇಳಿದ. ತಾನು ಸ್ನೇಹಿತ, ಆದ್ದರಿಂದ ನೀವೇ ನೋಡಬೇಕು ಎಂದ. ಅವಳು ಅನುಮಾನ ಬಂದಿತ್ತು ಎಂದಷ್ಟೇ ಹೇಳಿ, ಮುಂದಿನ ಗುರುವಾರಕ್ಕೆ ಸಮಯ ಕೊಟ್ಟಳು. ಗುರುವಾರ ಅವನು ರಜೆ ಹಾಕಿ, ಬಿಳಿ ಕೋಟಿಲ್ಲದೆ, ಫಾಬ್ರೆಲ್ಲಿಯನ್ನು ಕೈಹಿಡಿದು ಬಸ್ಸಿನಿಂದ ಇಳಿಸಿ ತನ್ನದೇ ಆಸ್ಪತ್ರೆಗೆ ಕರೆತಂದ. ದಿನವೂ ತಾನು ಕೂರುವ ಕೋಣೆಯಲ್ಲಿ, ಗೋಡೆಗೆ ಒತ್ತಿ ಇಟ್ಟ, ಮನೆಯವರು ಕೂರುವ ಕುರ್ಚಿಯಲ್ಲಿ ಕೂತ. ಅದರ ಒಂದು ಕಾಲು ಗಿಡ್ಡವಿದೆ ಎಂಬುದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಇಲ್ಲಿಂದ ನೋಡಿದರೆ ಕೋಣೆಯೇ ಬೇರೆ. ಮೇಜು ದೊಡ್ಡದು, ಡಾಕ್ಟರರ ಮುಖ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕತ್ತಲಾಗಿ ಕಾಣುತ್ತದೆ.

ವಿಭಾ ಚೆನ್ನಾಗಿಯೇ ಕೇಳುತ್ತಿದ್ದಳು, ಅವನು ಕಲಿಸಿದ ಹಾಗೆ, ಆತುರವಿಲ್ಲದೆ. ಇದು ಯಾವ ವರ್ಷ, ಯಾವ ಋತು, ನಾವು ಯಾವ ಅಂತಸ್ತಿನಲ್ಲಿದ್ದೇವೆ. ಫಾಬ್ರೆಲ್ಲಿ ಪ್ರತಿ ಪ್ರಶ್ನೆಗೂ ಬೆರಳುಗಳನ್ನು ಜೋಡಿಸಿ, ಕಣ್ಣು ಕಿರಿದಾಗಿಸಿ ಯೋಚಿಸುತ್ತಿದ್ದ. ವರ್ಷ ತಪ್ಪಿತು. ಋತು ಸರಿಹೋಯಿತು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದಾಗ ಸರಸರನೆ ಕೊನೆಯವರೆಗೂ ಹೋಗಿ ಅವಳನ್ನೇ ಬೆರಗುಗೊಳಿಸಿದ. ಸಂಗಮೇಶನ ಎದೆಯಲ್ಲಿ ಮೂರ್ಖ ಆಸೆಯೊಂದು ಎದ್ದು ನಿಂತಿತು. ಆಮೇಲೆ ಅವಳು, ಆಗಲೇ ನೆನಪಿಟ್ಟುಕೊಳ್ಳಲು ಹೇಳಿದ ಮೂರು ಪದಗಳನ್ನು ಹೇಳಿ ಎಂದಳು. ಮುದುಕ ಯಾವ ಪದಗಳು ಎಂಬಂತೆ ನೋಡಿದ. ಅವಳು ಮೆಲ್ಲಗೆ ಸುಳಿವು ಕೊಟ್ಟಳು, ಒಂದು ಹಣ್ಣು. ಫಾಬ್ರೆಲ್ಲಿ ಕತ್ತು ತಿರುಗಿಸಿ ಗೋಡೆಯ ಪಕ್ಕದ ಕುರ್ಚಿಯತ್ತ ನೋಡಿದ. ಆ ಪದಗಳು ಸಂಗಮೇಶನ ಬಾಯಲ್ಲಿದ್ದವು, ಸಾವಿರ ಸಲ ಉಚ್ಚರಿಸಿದ ಪದಗಳು, ಒಂದು ತುಟಿ ಅಲುಗಿದರೆ ಸಾಕಿತ್ತು. ಅವನು ಹಲ್ಲು ಕಚ್ಚಿ ಕೂತ.

ಫಾಬ್ರೆಲ್ಲಿ ಆಗ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತ. ಮೇಜಿನಾಚೆ ಬಾಗಿ, ವಿಭಾಳ ಕಡೆಗೆ ಬಲಗೈ ಚಾಚಿದ. ಅಭಿನಂದನೆಗಳು, ಎಂದ ತನ್ನ ಭಾಷೆಯಲ್ಲಿ. ಅವಳು ಗೊಂದಲಗೊಂಡು ಆ ಕೈಯನ್ನು ಕುಲುಕಿ, ನಗುತ್ತ, ಇನ್ನೂ ಮುಗಿದಿಲ್ಲ, ದಯವಿಟ್ಟು ಕೂತುಕೊಳ್ಳಿ, ಇನ್ನು ಸ್ವಲ್ಪವೇ ಪ್ರಶ್ನೆಗಳಿವೆ ಎಂದು ಪೆನ್ನು ಎತ್ತಿಕೊಂಡಳು.

"ಸಾಕು, ವಿಭಾ," ಎಂದ ಸಂಗಮೇಶ. ಅವನೂ ಎದ್ದಿದ್ದ. ಈ ಕಟ್ಟಡದೊಳಗೆ ಅವಳನ್ನು ಬರೀ ಹೆಸರಿನಿಂದ ಅವನು ಕರೆದದ್ದು ಇದೇ ಮೊದಲು. "ಆಟಗಾರ ಎದ್ದು ಕೈ ಕೊಟ್ಟ ಅಂದ್ರ ಆಟ ಬಿಟ್ಟುಕೊಟ್ಟ ಅಂತ ಅರ್ಥ. ಆಮ್ಯಾಲ ಇನ್ನೊಂದು ನಡಿ ನಡಸು ಅಂತ ಯಾರೂ ಕೇಳೂದಿಲ್ಲ."

ಅವಳು ಒಬ್ಬರಿಂದ ಒಬ್ಬರ ಮುಖಕ್ಕೆ ನೋಡಿದಳು. ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತಾನೂ ಎದ್ದು ನಿಂತಳು.